ರಾತ್ರಿ ಎರಡು ಗಂಟೆಯ ಕಿವಿನೋವು

ಸಂಜೆಯವರೆಗೂ ಆಡಿಕೊಂಡಿದ್ದ ಮಗು. ಎರಡು ದಿನದಿಂದ ಸ್ವಲ್ಪ ನೆಗಡಿ, ಅಷ್ಟೆ. ರಾತ್ರಿ ಎರಡು ಗಂಟೆಗೆ ಕಿವಿ ಹಿಡಿದುಕೊಂಡು ಚೀರುತ್ತಾ ಏಳುತ್ತದೆ. ಅಜ್ಜಿ ಒಗ್ಗರಣೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಬಿಸಿಗಿಟ್ಟು ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ. ಅಪ್ಪ ಕಳೆದ ಸಲ ಉಳಿದ ಆ್ಯಂಟಿಬಯಾಟಿಕ್ ಸಿರಪ್ಪಿಗಾಗಿ ಫ್ರಿಜ್ಜಿನ ಬಾಗಿಲು ತಡಕಾಡುತ್ತಾನೆ. ಒಳಗೆ ಏನಾದರೂ ಹೋಗಿದೆಯೇನೋ ಎಂದು ಅಮ್ಮ ಬಡ್ಸ್ ಹಿಡಿದು ಬರುತ್ತಾಳೆ. ಮೂವರದೂ ಅಕ್ಕರೆಯೇ, ಮೂವರ ಕೈಯಲ್ಲಿರುವುದೂ ಆ ಹೊತ್ತಿಗೆ ಬೇಡವಾದ ವಸ್ತು.

ಕಿವಿ, ಮೂಗು, ಗಂಟಲಿನ ಹೊರರೋಗಿ ವಿಭಾಗದಲ್ಲಿ ವರ್ಷಗಟ್ಟಲೆ ಕೂತ ಮೇಲೆ ನನಗೆ ಅನ್ನಿಸಿರುವುದಿಷ್ಟು: ಮಕ್ಕಳಲ್ಲಿ ಈ ಮೂರರ ತೊಂದರೆಗಳ ಪೈಕಿ ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ. ಹಲವು ಕೆಡುವುದು ನಾವು ಕೈ ಹಾಕಿದ್ದರಿಂದ. ಉಳಿದ ಕೆಲವು ಮಾತ್ರ ಒಂದು ಗಂಟೆಯೂ ಕಾಯುವಂಥವಲ್ಲ. ಯಾವುದು ಯಾವುದೆಂದು ತಿಳಿದಿದ್ದರೆ ಅರ್ಧ ಚಿಕಿತ್ಸೆ ಮನೆಯಲ್ಲೇ ಆದಂತೆ.

ಮಕ್ಕಳಿಗೇ ಯಾಕೆ ಹೀಗೆ?

ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ಕೊಳವೆ ಇದೆ; ಹೆಸರು ಯುಸ್ಟೇಷಿಯನ್ ನಾಳ. ಘಟ್ಟ ಇಳಿಯುವಾಗ ಕಿವಿ ಕಟ್ಟಿ, ಎಂಜಲು ನುಂಗಿದರೆ ‘ಟಪ್’ ಎಂದು ಬಿಡುತ್ತದಲ್ಲ, ಅದು ಈ ಕೊಳವೆ ಬಾಯಿ ತೆರೆದ ಸದ್ದು. ದೊಡ್ಡವರಲ್ಲಿ ಇದು ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ, ಮೂಗಿನ ಕಡೆಗೆ ಇಳಿಜಾರು. ಹಸುಗೂಸುಗಳಲ್ಲಿ ಅದರ ಅರ್ಧದಷ್ಟು ಉದ್ದ, ಹೆಚ್ಚುಕಡಿಮೆ ಸಪಾಟು. ನೆಗಡಿಯಾದಾಗ ಸೋಂಕು ಮೂಗಿನಿಂದ ಕಿವಿಗೆ ಸಲೀಸಾಗಿ ಹೋಗುತ್ತದೆ. ಒಳಗಿನ ನೀರು ಇಳಿದು ಬರಲು ದಾರಿ ಇರುವುದಿಲ್ಲ. ನಡುಗಿವಿ ಸಣ್ಣ ಜಾಗ. ಅಲ್ಲಿ ಕೀವು ತುಂಬಿ ಕಿವಿಯ ತಮಟೆ ಉಬ್ಬಿದಾಗ ಆಗುವ ನೋವೇ ಆ ರಾತ್ರಿಯ ಚೀರಾಟ. ಆರೇಳು ವರ್ಷದ ಹೊತ್ತಿಗೆ ಕೊಳವೆ ಬೆಳೆದು ಓರೆಯಾಗುವುದರಿಂದ ಕಾಟ ತಾನಾಗಿ ಇಳಿಯುತ್ತದೆ.

ಮಲಗಿಸಿಕೊಂಡು ಬಾಟಲಿಯಲ್ಲೋ ಒಳಲೆಯಲ್ಲೋ ಹಾಲು ಕುಡಿಸಬಾರದು ಎನ್ನುವುದರ ಕಾರಣವೂ ಇದೇ: ಹಾಲು ಅದೇ ದಾರಿಯಲ್ಲಿ ಕಿವಿಯ ಕಡೆ ಸರಿಯಬಹುದು. ತಲೆಯನ್ನು ಎತ್ತರಕ್ಕೆ ಹಿಡಿದು ಕುಡಿಸಿ.

ಆ ರಾತ್ರಿ ಮಾಡಬೇಕಾದದ್ದು

1. ಮೊದಲು ನೋವು ಇಳಿಸಿ. ಪ್ಯಾರಾಸಿಟಮಾಲ್ ಸಾಕು. ಅಳತೆ ತೂಕದ ಮೇಲೆ: ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ಹತ್ತು ಕೆಜಿಯ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ. ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆ ಅಂತರವಿರಲಿ. ದಿನಕ್ಕೆ ನಾಲ್ಕು ಸಲ ಮೀರಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ.

2. ಬಾಟಲಿಯ ಚೀಟಿ ಓದಿ. ಅದೇ ಔಷಧಿ 5 ಎಂ.ಎಲ್.ಗೆ 120, 125, 250 ಮಿಲಿಗ್ರಾಂ ಎಂದೆಲ್ಲ ಬರುತ್ತದೆ. ಕೂಸುಗಳಿಗೆ ಕೊಡುವ ಡ್ರಾಪ್ಸ್ ಒಂದು ಎಂ.ಎಲ್.ಗೇ 100 ಮಿಲಿಗ್ರಾಂ ಇರುತ್ತದೆ. ಡ್ರಾಪ್ಸನ್ನು ಸಿರಪ್ಪಿನ ಹಾಗೆ ಚಮಚದಲ್ಲಿ ಕುಡಿಸಿಬಿಟ್ಟವರನ್ನು ನಾನು ನೋಡಿದ್ದೇನೆ.

3. ತಲೆಯ ಕೆಳಗೆ ಇನ್ನೊಂದು ದಿಂಬು ಇಡಿ, ಇಲ್ಲವೇ ಹೆಗಲ ಮೇಲೆ ಹಾಕಿಕೊಳ್ಳಿ. ಮಲಗಿದರೆ ನೋವು ಹೆಚ್ಚು.

4. ಮೂಗು ಕಟ್ಟಿದ್ದರೆ ಉಪ್ಪುನೀರಿನ ಡ್ರಾಪ್ಸ್ ಹಾಕಿ. ಔಷಧಿ ಅಂಗಡಿಯಲ್ಲಿ ಸಲೈನ್ ಡ್ರಾಪ್ಸ್ ಎಂದರೆ ಕೊಡುತ್ತಾರೆ.

5. ಕಿವಿಯೊಳಗೆ ಏನನ್ನೂ ಹಾಕಬೇಡಿ. ಎಣ್ಣೆ, ಬೆಳ್ಳುಳ್ಳಿ ರಸ, ಎದೆಹಾಲು, ಯಾವುದೂ ತಮಟೆಯಾಚೆ ಇರುವ ಕೀವನ್ನು ತಲುಪುವುದಿಲ್ಲ. ಬಿಸಿ ಹೆಚ್ಚಾದರೆ ಸುಡುತ್ತದೆ. ತಮಟೆ ಒಡೆದಿದ್ದರೆ ಎಣ್ಣೆ ನೇರ ಒಳಕ್ಕೆ ಹೋಗುತ್ತದೆ. ಅಜ್ಜಿಗೆ ಏನಾದರೂ ಮಾಡಲೇಬೇಕು ಎನ್ನಿಸಿದರೆ ಬೆಚ್ಚಗಿನ ಬಟ್ಟೆಯನ್ನು ಕಿವಿಯ ಹೊರಗೆ ಒತ್ತಿಕೊಂಡು ಕೂರಲಿ. ಅದರಿಂದ ಮಗುವಿಗೆ ಹಿತವಾಗುತ್ತದೆ.

ಬೆಳಗ್ಗೆ ವೈದ್ಯರಿಗೆ ತೋರಿಸಿ. ಅವರು ಕಿವಿ ನೋಡಿ, ‘ಆ್ಯಂಟಿಬಯಾಟಿಕ್ ಈಗ ಬೇಡ, ಎರಡು ದಿನ ನೋಡೋಣ’ ಎಂದರೆ ಬೇಸರಿಸಬೇಡಿ. ಎರಡು ವರ್ಷ ದಾಟಿದ, ಜ್ವರ ಜೋರಿಲ್ಲದ ಮಗುವಿಗೆ 48ರಿಂದ 72 ಗಂಟೆ ಕಾದು ನೋಡುವುದು ಒಪ್ಪಿತವಾದ ಪದ್ಧತಿ. ಆರು ತಿಂಗಳೊಳಗಿನ ಕೂಸಿಗೆ, ಎರಡೂ ಕಿವಿಗೆ ಸೋಂಕಾದ ಚಿಕ್ಕ ಮಗುವಿಗೆ, ಜ್ವರದಿಂದ ನಲುಗಿದ ಮಗುವಿಗೆ ಮಾತ್ರ ಕಾಯುವುದಿಲ್ಲ.

ಸೋರುವ ಕಿವಿ

ಒಮ್ಮೊಮ್ಮೆ ಬೆಳಗಾಗುವಷ್ಟರಲ್ಲಿ ದಿಂಬಿನ ಮೇಲೆ ಹಳದಿ ಕಲೆ, ನೋವು ಮಾಯ. ತಮಟೆ ಒಡೆದು ಕೀವು ಹೊರಬಂದಿದೆ. ಹೆದರಬೇಡಿ; ಇಂಥ ಸಣ್ಣ ತೂತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಕಿವಿಗೆ ನೀರು ಬೀಳದಿದ್ದರೆ. ಸ್ನಾನಕ್ಕೆ ಮೊದಲು ಹತ್ತಿಯುಂಡೆಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡಿ. ಕೆರೆ, ಈಜುಕೊಳ ಸದ್ಯಕ್ಕೆ ಬೇಡ.

ಎರಡು ವಾರ ದಾಟಿಯೂ ಸೋರುತ್ತಿದ್ದರೆ ಅದು ಬೇರೆಯೇ ಕಾಯಿಲೆ. ನಮ್ಮ ಊರುಗಳಲ್ಲಿ ನನ್ನನ್ನು ಹೆಚ್ಚು ಕಾಡಿಸುವುದು ಇದು, ಯಾಕೆಂದರೆ ಇದಕ್ಕೆ ನೋವಿಲ್ಲ. ನೋವಿಲ್ಲದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಚಿಕ್ಕಂದಿನಿಂದ ಸೋರ್ತಾ ಇದೆ ಸಾರ್, ದೊಡ್ಡವಳಾದ ಮೇಲೆ ನಿಲ್ಲುತ್ತೆ ಅಂದ್ರು’ ಎಂದುಕೊಂಡು ಹೈಸ್ಕೂಲು ಹುಡುಗಿಯನ್ನು ಕರೆತರುವ ಹೊತ್ತಿಗೆ ತಮಟೆಯ ಮುಕ್ಕಾಲು ಭಾಗ ಇರುವುದಿಲ್ಲ, ಶಾಲೆಯಲ್ಲಿ ಆಕೆ ಮೊದಲ ಬೆಂಚಿಗೆ ಬಂದು ಎಷ್ಟೋ ವರ್ಷವಾಗಿರುತ್ತದೆ. ಸೋರುವುದು ಕೆಟ್ಟ ವಾಸನೆಯದಾದರೆ, ರಕ್ತ ಬೆರೆತಿದ್ದರೆ ಕಾಯಿಲೆ ಸುತ್ತಲಿನ ಮೂಳೆಯನ್ನು ತಿನ್ನುತ್ತಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ.

ವೈದ್ಯರು ಡ್ರಾಪ್ಸ್ ಕೊಟ್ಟರೂ, ಕೀವಿನ ಮೇಲೆ ಹಾಕಿದ ಡ್ರಾಪ್ಸ್ ಕೀವಿನಲ್ಲೇ ತೇಲುತ್ತದೆ. ಮೊದಲು ಕಿವಿ ಒಣಗಬೇಕು. ಒಗೆದು ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಯ ತುಂಡನ್ನು ದೀಪದ ಬತ್ತಿಯ ಹಾಗೆ ಹೊಸೆಯಿರಿ. ಕಿವಿಯ ಬಾಯಿಯಲ್ಲಿ ಮೆಲ್ಲಗೆ ಇಡಿ, ಒಳಗೆ ತಳ್ಳಬೇಡಿ. ಒದ್ದೆಯಾದ ಮೇಲೆ ತೆಗೆದು ಹೊಸದು ಇಡಿ. ಬತ್ತಿ ಒಣಗಿಯೇ ಹೊರಬರುವವರೆಗೆ ಹೀಗೆ ಮಾಡಿ ಆಮೇಲೆ ಡ್ರಾಪ್ಸ್ ಹಾಕಿ. ದಿನಕ್ಕೆ ಮೂರು ಸಲ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಹಳೆಯ ಡ್ರಾಪ್ಸ್ ಬೇಡ: ತಮಟೆಯಲ್ಲಿ ತೂತಿರುವಾಗ ಕೆಲವು ಔಷಧಿಗಳು ಒಳಗಿವಿಗೆ ಇಳಿದು ಶ್ರವಣಶಕ್ತಿಗೇ ಪೆಟ್ಟು ಕೊಡುತ್ತವೆ.

ಕರೆದರೆ ಓಗೊಡದ ಮಗು

ನೋವೂ ಇಲ್ಲ, ಸೋರುವುದೂ ಇಲ್ಲ. ಟಿವಿ ಸದ್ದು ಮಾತ್ರ ದಿನೇ ದಿನೇ ಏರುತ್ತಿದೆ. ‘ಆಂ?’ ಎನ್ನುವುದು ಜಾಸ್ತಿಯಾಗಿದೆ. ಟೀಚರ್ ಹೇಳಿಕಳಿಸಿದ್ದಾರೆ: ಹುಡುಗನಿಗೆ ಗಮನವಿಲ್ಲ. ಸೋಂಕು ಹೋದ ಮೇಲೂ ತಮಟೆಯ ಹಿಂದೆ ಅಂಟಂಟು ನೀರು ಉಳಿದಿದ್ದರೆ ಹೀಗಾಗುತ್ತದೆ. ಮೂರು ತಿಂಗಳೊಳಗೆ ಬಹಳಷ್ಟು ಮಕ್ಕಳಲ್ಲಿ ಅದು ಆರಿಹೋಗುತ್ತದೆ. ಆರದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ, ಬೇಕಾದರೆ ತಮಟೆಯಲ್ಲಿ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಕೂರಿಸುತ್ತಾರೆ. ಅಲ್ಲಿಯವರೆಗೆ ಹುಡುಗನನ್ನು ಗದರಿಸಬೇಡಿ. ಎದುರಿಗೆ ನಿಂತು ಮುಖ ನೋಡಿ ಮಾತಾಡಿ.

ಗುಗ್ಗೆಯ ವಿಚಾರ ಎರಡೇ ಮಾತಿನಲ್ಲಿ: ಅದು ಕೊಳೆಯಲ್ಲ, ಕಿವಿಯ ಕಾವಲು, ತಾನೇ ಹೊರಕ್ಕೆ ಸರಿದು ಬರುತ್ತದೆ. ಬಡ್ಸ್ ಹಾಕಿದರೆ ಬರುವುದಕ್ಕಿಂತ ಹೆಚ್ಚು ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ.

ಮೂಗಿನಲ್ಲಿ ರಕ್ತ

ಬೇಸಿಗೆ ಬಂತೆಂದರೆ ಶಾಲೆಗಳಿಂದ ಬರುವ ದೂರು ಇದು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂತುದಿಯಲ್ಲಿ ನೂಲಿನಂಥ ರಕ್ತನಾಳಗಳು ಚರ್ಮಕ್ಕೆ ತೀರ ಹತ್ತಿರ ಬಂದು ಕೂಡುತ್ತವೆ. ಒಣಗಾಳಿಗೆ ಅಲ್ಲಿ ಹಕ್ಕಳೆ ಕಟ್ಟುತ್ತದೆ, ಮಗು ಬೆರಳು ಹಾಕಿ ಕೀಳುತ್ತದೆ, ರಕ್ತ ಒಸರುತ್ತದೆ. ಬೆರಳಿಗೆ ಎಟುಕುವ ಜಾಗವಾದ್ದರಿಂದ ಬೆರಳಿನಿಂದಲೇ ಒತ್ತಿ ನಿಲ್ಲಿಸಬಹುದು.

1. ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ.
2. ಮೂಗಿನ ಮೆತ್ತನೆಯ ಭಾಗವನ್ನು, ಎರಡೂ ಹೊಳ್ಳೆ ಸೇರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತಿ ಹಿಡಿಯಿರಿ. ಮೇಲಿನ ಮೂಳೆ ಒತ್ತಿದರೆ ಪ್ರಯೋಜನವಿಲ್ಲ.
3. ಗಡಿಯಾರ ನೋಡಿ ಹತ್ತು ನಿಮಿಷ. ‘ನಿಂತಿತಾ’ ಎಂದು ನಡುವೆ ಬಿಟ್ಟು ನೋಡಿದರೆ ಲೆಕ್ಕ ಮೊದಲಿಂದ.
4. ಬಾಯಲ್ಲಿ ಉಸಿರಾಡಲಿ. ಬಾಯಿಗೆ ಬಂದ ರಕ್ತ ಉಗುಳಲಿ.
5. ನಿಲ್ಲದಿದ್ದರೆ ಇನ್ನೊಂದು ಹತ್ತು ನಿಮಿಷ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆ.

ಇಲ್ಲಿ ನಾವೆಲ್ಲ ಮಾಡುವ ತಪ್ಪು, ತಲೆಯನ್ನು ಹಿಂದಕ್ಕೆ ವಾಲಿಸುವುದು. ರಕ್ತ ನಿಲ್ಲುವುದಿಲ್ಲ, ಕಾಣಿಸುವುದು ನಿಲ್ಲುತ್ತದೆ. ಗಂಟಲಿಗೆ ಇಳಿದು ಹೊಟ್ಟೆ ಸೇರಿ ಸ್ವಲ್ಪ ಹೊತ್ತಿನಲ್ಲಿ ಕಪ್ಪು ವಾಂತಿಯಾಗುತ್ತದೆ. ಅದನ್ನು ಕಂಡು ಮನೆಯವರು ಇನ್ನಷ್ಟು ಹೌಹಾರುತ್ತಾರೆ. ನೆತ್ತಿಗೆ ತಣ್ಣೀರು ಹೊಯ್ಯುವುದು, ಈರುಳ್ಳಿ ಹಿಂಡಿ ಮೂಸಿಸುವುದು ಕೂಡ ಬೇಡ. ‘ಉಷ್ಣ’ ಎಂದು ಸುಮ್ಮನಾಗುವ ಬದಲು ಮಲಗುವಾಗ ಹೊಳ್ಳೆಯ ಒಳಅಂಚಿಗೆ ಒಂದಿಷ್ಟು ವ್ಯಾಸಲಿನ್ ಸವರಿ, ಉಗುರು ಕತ್ತರಿಸಿ. ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟಿದ ಕಲೆಗಳಿದ್ದರೆ, ವಸಡಿನಲ್ಲೂ ರಕ್ತ ಬರುತ್ತಿದ್ದರೆ ರಕ್ತಪರೀಕ್ಷೆ ಬೇಕು. ಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಕಟ್ಟಿ, ಅದೇ ಹೊಳ್ಳೆಯಿಂದ ಮತ್ತೆ ಮತ್ತೆ ಧಾರಾಳ ರಕ್ತ ಹೋಗುತ್ತಿದ್ದರೆ ಕಡ್ಡಾಯವಾಗಿ ತಜ್ಞರಿಗೆ ತೋರಿಸಿ. ಆ ವಯಸ್ಸಿನ ಹುಡುಗರಲ್ಲಿ ಮೂಗಿನ ಹಿಂದೆ ರಕ್ತನಾಳಗಳ ಗಡ್ಡೆ ಬೆಳೆಯುವುದುಂಟು.

ಹುಣಸೆಬೀಜ, ಮಣಿ, ಬಳಪ

ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಒಂದು ತಿಂಗಳಿಂದ ಬಲಹೊಳ್ಳೆಯಲ್ಲಿ ಮಾತ್ರ ಸಿಂಬಳ, ಹತ್ತಿರ ಕೂರಲಾಗದಷ್ಟು ವಾಸನೆ. ಸೈನಸ್ ಎಂದು ಎರಡು ಕೋರ್ಸ್ ಆ್ಯಂಟಿಬಯಾಟಿಕ್ ಮುಗಿದಿತ್ತು. ಕೊಕ್ಕೆಯಲ್ಲಿ ಎಳೆದಾಗ ಬೂದುಬಣ್ಣಕ್ಕೆ ತಿರುಗಿದ ಸ್ಪಂಜಿನ ತುಂಡು ಬಂತು. ‘ಅದು ನನ್ನ ಗೊಂಬೆ ಹಾಸಿಗೆದು’ ಎಂದಳು. ನರ್ಸ್ ಕಿಟಕಿ ತೆರೆಯಬೇಕಾಯಿತು. ಮಗುವಿಗೆ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಒಳಗೆ ಏನೋ ಇದೆ ಎಂದೇ ತಿಳಿಯಿರಿ.

ಹೇರ್‌ಪಿನ್, ಚಿಮಟ, ಬೆರಳು, ಯಾವುದೂ ಬೇಡ. ಗುಂಡಗಿನ ಮಣಿಯನ್ನು ಚಿಮಟದಿಂದ ಹಿಡಿಯಹೋದರೆ ಜಾರಿ ಹಿಂದಕ್ಕೇ ಹೋಗುತ್ತದೆ. ಮೂಗಿನ ಹಿಂದೆ ಹೋದದ್ದು ಉಸಿರುನಾಳಕ್ಕೆ ಬೀಳಬಹುದು. ಮೊದಲ ಪ್ರಯತ್ನಕ್ಕೆ ಮಗು ಸುಮ್ಮನಿರುತ್ತದೆ, ಎರಡನೆಯದಕ್ಕೆ ಇಲ್ಲ. ಆ ಮೊದಲ ಅವಕಾಶವನ್ನು ವೈದ್ಯರಿಗೆ ಉಳಿಸಿ.

ಮೂಗಿನಲ್ಲಿ ಸಿಕ್ಕಿದ್ದಕ್ಕೆ ಮಾತ್ರ ಅಮ್ಮನೋ ಅಪ್ಪನೋ ಮಾಡಬಹುದಾದ ಒಂದು ಉಪಾಯವಿದೆ. ವೈದ್ಯರು ಇದನ್ನು ‘ಅಮ್ಮನ ಮುತ್ತು’ ಎನ್ನುತ್ತಾರೆ. ಮಗುವಿಗೆ ‘ಮುತ್ತು ಕೊಡ್ತೀನಿ’ ಎನ್ನಿ. ಖಾಲಿ ಇರುವ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ. ನಿಮ್ಮ ಬಾಯನ್ನು ಮಗುವಿನ ತೆರೆದ ಬಾಯಿಗೆ ಗಾಳಿಯಾಡದಂತೆ ಇಟ್ಟು, ತುಸು ತಡೆ ಸಿಕ್ಕುವವರೆಗೆ ಮೆಲ್ಲಗೆ ಊದಿ, ಆಮೇಲೆ ಒಮ್ಮೆಲೇ ಚಿಕ್ಕದಾಗಿ ‘ಫೂ’ ಎನ್ನಿ. ವಸ್ತು ಹೊರಗೆ ಚಿಮ್ಮಬಹುದು, ಇಲ್ಲವೇ ಮುಂದಕ್ಕಾದರೂ ಬರಬಹುದು. ಹತ್ತರಲ್ಲಿ ಸುಮಾರು ಆರು ಮಕ್ಕಳಲ್ಲಿ ಇದು ಫಲಿಸುತ್ತದೆ. ಒಂದೆರಡು ಸಲಕ್ಕೆ ಆಗದಿದ್ದರೆ ಬಿಟ್ಟುಬಿಡಿ.

ಕಿವಿಗೆ ಕಾಳು ಹೋಗಿದ್ದರೆ ನೀರು ಹಾಕಬೇಡಿ. ಅವರೆಕಾಳೋ ಕಡಲೆಯೋ ಉಬ್ಬಿ ಬಿಗಿಯಾಗುತ್ತದೆ. ಜೀವಂತ ಹುಳ ಹೊಕ್ಕು ಗಿಜಿಗುಡುತ್ತಿದ್ದರೆ ಮಾತ್ರ, ಅದೂ ಕಿವಿ ಮೊದಲಿಂದ ಸೋರುತ್ತಿಲ್ಲದಿದ್ದರೆ, ಕೆಲವು ಹನಿ ಕೊಬ್ಬರಿ ಎಣ್ಣೆ ಹಾಕಬಹುದು. ಹುಳ ಸಾಯುತ್ತದೆ, ಒದ್ದಾಟ ನಿಲ್ಲುತ್ತದೆ. ಎಣ್ಣೆಗೆ ನಾನು ಒಪ್ಪಿಗೆ ಕೊಡುವುದು ಇದೊಂದೇ ಸಂದರ್ಭದಲ್ಲಿ, ಬೆಚ್ಚಗೂ ಮಾಡಬೇಕಿಲ್ಲ.

ಎಚ್ಚರಿಕೆ: ಆಟಿಕೆ, ಗಡಿಯಾರ, ರಿಮೋಟ್‌ಗಳ ಗುಂಡಿಯಂಥ ಬ್ಯಾಟರಿ ಮೂಗಿಗೆ, ಕಿವಿಗೆ ಅಥವಾ ಗಂಟಲಿಗೆ ಹೋಗಿದ್ದರೆ ಆ ನಿಮಿಷವೇ ಹೊರಡಿ. ಒದ್ದೆ ಚರ್ಮಕ್ಕೆ ತಾಗಿದ ಬ್ಯಾಟರಿ ಎರಡು ಗಂಟೆಯೊಳಗೆ ಆಳಕ್ಕೆ ಸುಡಬಲ್ಲದು. ಡ್ರಾಪ್ಸ್ ಹಾಕಬೇಡಿ, ವಾಂತಿ ಮಾಡಿಸಬೇಡಿ.

ನೆಗಡಿ: ಏನೂ ಮಾಡದಿರುವ ಕಲೆ

ಅಂಗನವಾಡಿಗೋ ಪ್ಲೇಸ್ಕೂಲಿಗೋ ಹೋಗತೊಡಗಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಸಿಂಬಳ ಹಳದಿಯಾಯಿತು ಎಂದಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಸಲೈನ್ ಡ್ರಾಪ್ಸ್, ಬೆಚ್ಚಗಿನ ಗಂಜಿ, ವಿಶ್ರಾಂತಿ. ಕುದಿಯುವ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಹಬೆ ಹಿಡಿಸುವುದು ಬೇಡ. ಪಾತ್ರೆ ಉರುಳಿ ಸುಟ್ಟುಕೊಂಡ ಮಕ್ಕಳ ಮುಂದೆ ನೆಗಡಿ ಏನೂ ಅಲ್ಲ. ಎರೆಯುವಾಗ ಕೂಸಿನ ಮೂಗಿಗೆ ಎಣ್ಣೆ ಬಿಟ್ಟು ಊದುವುದರಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಎರೆದ ಮೇಲೆ ಹಿಡಿಯುವ ಲೋಬಾನದ ಹೊಗೆ, ಅಪ್ಪನ ಬೀಡಿ-ಸಿಗರೇಟಿನ ಹೊಗೆ ಎರಡೂ ಮೂಗು ಕಿವಿಗಳಿಗೆ ಆಗಿಬರುವುದಿಲ್ಲ.

ಕೆಮ್ಮು-ನೆಗಡಿ ಸಿರಪ್ಪುಗಳನ್ನು ಅಂಗಡಿಯಿಂದ ಕೇಳಿ ತರುವ ಅಭ್ಯಾಸ ಬಿಡಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಸಿರಪ್ಪುಗಳ ಮೇಲೆ ‘ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು’ ಎಂದು ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಆದೇಶಿಸಿದ್ದಾರೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡದ್ದು ನೆನಪಿರಬಹುದು. ಆ ಸಿರಪ್ ಇಲ್ಲದಿದ್ದರೂ ವಾಸಿಯಾಗಬಹುದಾಗಿದ್ದ ಕೆಮ್ಮುಗಳು ಅದರಲ್ಲಿ ಎಷ್ಟಿದ್ದವೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಬಾಯಿ ತೆರೆದು ಮಲಗುವ ಮಗು

ಮೂಗಿನ ಹಿಂದೆ, ಬಾಯಿ ತೆರೆದರೂ ಕಾಣದ ಜಾಗದಲ್ಲಿ ಅಡಿನಾಯ್ಡ್ ಎಂಬ ಗ್ರಂಥಿ ಇದೆ. ಮೂರರಿಂದ ಏಳು ವರ್ಷದ ನಡುವೆ ದೊಡ್ಡದಾಗಿದ್ದು ಆಮೇಲೆ ಕುಗ್ಗುತ್ತದೆ. ತೀರ ದೊಡ್ಡದಾದರೆ ದಾರಿಗೆ ಅಡ್ಡ. ‘ಅಪ್ಪನ ಹಾಗೇ ಗೊರಕೆ ಹೊಡೀತಾನೆ’ ಎಂದು ನಗುವ ಮೊದಲು ಒಂದು ರಾತ್ರಿ ಪಕ್ಕದಲ್ಲಿ ಕೂತು ಗಮನಿಸಿ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತದೆಯೇ? ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದಿದೆಯೇ? ಹಗಲು ಸಿಡುಕೇ? ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ತೆಗೆದು ವೈದ್ಯರಿಗೆ ತೋರಿಸಿ. ಮಗು ಮಲಗಿದ್ದಾಗಿನ ಆ ವಿಡಿಯೊ ನನಗೆ ಎಷ್ಟೋ ಸಲ ಎಕ್ಸ್‌ರೇಗಿಂತ ಹೆಚ್ಚು ಹೇಳಿದೆ.

ಗಂಟಲು

ನೆಗಡಿ ಕೆಮ್ಮಿನ ಜೊತೆ ಬಂದ ಗಂಟಲುನೋವು ಹೆಚ್ಚಾಗಿ ವೈರಸ್ಸಿನದು, ಬೆಚ್ಚಗಿನ ನೀರಿಗೆ ಬಗ್ಗುತ್ತದೆ. ಕೆಮ್ಮಿಲ್ಲದೆ ಜೋರು ಜ್ವರ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದರೆ ಸ್ಟ್ರೆಪ್ಟೊಕಾಕಸ್ ಇರಬಹುದು. ಆಗ ವೈದ್ಯರು ಪೆನಿಸಿಲಿನ್ ಜಾತಿಯ ಔಷಧಿ ಹತ್ತು ದಿನಕ್ಕೆ ಬರೆಯುತ್ತಾರೆ. ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಬೇಡಿ: ಅರೆವಾಸಿಯಾದ ಈ ಸೋಂಕಿನಿಂದ ಮುಂದೆ ಸಂಧಿವಾತದ ಜ್ವರ ಬಂದು ಹೃದಯದ ಕವಾಟಗಳು ಹಾಳಾದವರು ನಮ್ಮ ದೇಶದಲ್ಲಿ ಇಂದಿಗೂ ಇದ್ದಾರೆ. ಉಳಿಸಿಟ್ಟ ಬಾಟಲಿಯೂ ಉಪಯೋಗಕ್ಕಿಲ್ಲ; ನೀರು ಬೆರೆಸಿದ ಸಿರಪ್ ಒಂದೆರಡು ವಾರದಲ್ಲಿ ಸತ್ವ ಕಳೆದುಕೊಳ್ಳುತ್ತದೆ.

ಟಾನ್ಸಿಲ್ ತೆಗೆಸಬೇಕೇ? ಒಂದು ವರ್ಷದಲ್ಲಿ ಏಳು ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ ಐದು ಸಲ, ಅಥವಾ ಮೂರು ವರ್ಷ ವರ್ಷಕ್ಕೆ ಮೂರು ಸಲ ಸರಿಯಾದ ಸೋಂಕು ಆಗಿದ್ದರೆ ಯೋಚಿಸಬಹುದು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಈ ಲೆಕ್ಕ ಬೇಕಿಲ್ಲ. ದೊಡ್ಡದಾಗಿ ಕಾಣುತ್ತದೆ ಎಂಬುದೊಂದೇ ಕಾರಣ ಸಾಲದು. ಇನ್ನು ಐಸ್‌ಕ್ರೀಮು: ಟಾನ್ಸಿಲ್ ಸೋಂಕು ತರುವುದು ಕ್ರಿಮಿಯೇ ಹೊರತು ತಂಪಲ್ಲ. ಆಪರೇಷನ್ ಆದ ಸಂಜೆ ನಾವೇ ಐಸ್‌ಕ್ರೀಮ್ ಕೊಡಿಸುತ್ತೇವೆ.

ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಕತ್ತು ಊದಿದರೆ ಗಂಟಲಮಾರಿ ಇರಬಹುದು. ಲಸಿಕೆ ತಪ್ಪಿದ ಮಕ್ಕಳಲ್ಲಿ ಈಗಲೂ ಬರುತ್ತದೆ. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆ ಹಾಕಿಸಿದವರೂ ಒಂದೂವರೆ ವರ್ಷದ ಮತ್ತು ಐದು ವರ್ಷದ ಬೂಸ್ಟರ್ ಮರೆಯುತ್ತಾರೆ. ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ.

ಬೆಳಗಿನವರೆಗೆ ಕಾಯಬಾರದ್ದು

- ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿ ಮುಂದಕ್ಕೆ ತಳ್ಳಿದಂತೆ ಕಾಣುವುದು
- ಕಿವಿ ಸೋರುವ ಮಗುವಿಗೆ ತಲೆಸುತ್ತು, ವಾಂತಿ, ತೀವ್ರ ತಲೆನೋವು, ಅಥವಾ ಬಾಯಿ ಒಂದು ಕಡೆ ಸೊಟ್ಟಗಾಗುವುದು
- ಜೊಲ್ಲು ನುಂಗಲಾಗದೆ ಸುರಿಸುವುದು, ಬಾಯಿ ತೆರೆಯಲಾಗದಿರುವುದು
- ಉಸಿರೆಳೆಯುವಾಗ ಕರ್ಕಶ ಸದ್ದು, ಪಕ್ಕೆಗಳು ಒಳಕ್ಕೆ ಸೆಳೆಯುವುದು
- ಕಡಲೆಬೀಜ ತಿನ್ನುತ್ತಿದ್ದಾಗ ಹಠಾತ್ತನೆ ಕೆಮ್ಮಿ ಕಟ್ಟಿದಂತಾದದ್ದು, ಆಮೇಲೆ ಸರಿಹೋದಂತೆ ಕಂಡರೂ
- ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲೆ ಜ್ವರ

ಹುಟ್ಟಿದ ಕೂಸಿನ ಕಿವಿ

ಕೊನೆಯದಾಗಿ, ನೋವೂ ಇಲ್ಲದ, ಕೀವೂ ಇಲ್ಲದ, ಆದ್ದರಿಂದಲೇ ತಡವಾಗಿ ಗೊತ್ತಾಗುವ ಒಂದು ಸಮಸ್ಯೆ. ಹುಟ್ಟುಕಿವುಡಿರುವ ಕೂಸೂ ನಗುತ್ತದೆ, ಕೂಗುತ್ತದೆ, ಮುಖ ನೋಡಿ ಕೇಕೆ ಹಾಕುತ್ತದೆ. ಮೊದಲ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಯಂತ್ರದಂಥ ನೆರವು ಸಿಕ್ಕಿದರೆ ಮಾತು ಹೆಚ್ಚುಕಡಿಮೆ ಎಲ್ಲ ಮಕ್ಕಳ ಜೊತೆಗೇ ಬರುತ್ತದೆ. ಆರು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿದ್ದರೆ, ಒಂದು ವರ್ಷ ದಾಟಿದರೂ ‘ಅಮ್ಮ’, ‘ಅಪ್ಪ’ ಎನ್ನದಿದ್ದರೆ, ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು’ ಎಂಬ ಮಾತಿಗೆ ಕಿವಿಗೊಡಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ತಪಾಸಣೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. ಹಾಲು ಕುಡಿಸಿ ಮಲಗಿಸಿಕೊಂಡು ಹೋಗಿ. ಕೂಸು ನಿದ್ದೆಯಲ್ಲಿರುವಾಗಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ.